ಕೆನೆಯೋ, ಬೂದೋ: ಒಂದು ಕೋಣೆಗೆ ಎರಡು ಬಣ್ಣ ಹೋಲಿಸುವ ಬಗೆ

ಶೇಡ್ ಕಾರ್ಡಿನಲ್ಲಿ ಹೆಬ್ಬೆರಳಗಲ ಕಂಡ ಬಣ್ಣ ನಾಲ್ಕು ಗೋಡೆಗೆ ಬಂದ ಮೇಲೆ ಬೇರೆಯೇ ಆಗಿ ಕಾಣುವುದು ಮಲೆನಾಡಿನ ಮನೆಗಳಲ್ಲಿ ತೀರಾ ಸಾಮಾನ್ಯ. ತಿಳಿ ಬೂದು ಎಂದು ಆರಿಸಿದ್ದು ಜೂನ್ ಬರುತ್ತಲೇ ನೀಲಿಗೆ ತಿರುಗುತ್ತದೆ, ಕೆನೆ ಎಂದು ಆರಿಸಿದ್ದು ರಾತ್ರಿ ದೀಪದಡಿ ಅರಿಶಿನವಾಗುತ್ತದೆ. ಮನೆಯವರು ಮಿಕ್ಸಿಂಗ್ ಮೆಷಿನ್ ಸರಿಯಿಲ್ಲ ಎನ್ನುತ್ತಾರೆ, ಅಂಗಡಿಯವರು ಪೇಂಟರ್ ಕಡೆ ಕೈ ತೋರಿಸುತ್ತಾರೆ. ಎಷ್ಟೋ ಸಲ ಮಿಕ್ಸಿಂಗೂ ಸರಿಯಾಗಿರುತ್ತದೆ, ಕೈಕೆಲಸವೂ ಸರಿಯಾಗಿರುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿದ ಬಣ್ಣವನ್ನು ಮನೆಯ ಬೆಳಕಿಗೆ ತಂದು ಹಚ್ಚಿದ್ದೇ ಎಡವಟ್ಟು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಕೋಣೆಯನ್ನೇ ಎದುರಿಗಿಟ್ಟುಕೊಳ್ಳೋಣ. ಚಿಕ್ಕಮಗಳೂರು ಕಡೆಯ ಹಳೆಯ ಮನೆ, 10 ಅಡಿಗೆ 12 ಅಡಿ ಕೋಣೆ, ಗೋಡೆಯ ಎತ್ತರ 10 ಅಡಿ. ಉತ್ತರಕ್ಕೆ ಒಂದೇ ಕಿಟಕಿ, ಅದರಾಚೆ ಜಗಲಿ. ನೆಲ ರೆಡ್ ಆಕ್ಸೈಡ್, ಮೇಲೆ ಮರದ ಮುಚ್ಚಿಗೆ, ಅದರ ಮೇಲೆ ಮಂಗಳೂರು ಹೆಂಚು. ಗೋಡೆಗೆ ಎರಡು ಆಯ್ಕೆ ಉಳಿದಿವೆ: ತಿಳಿ ಕೆನೆ ಮತ್ತು ತಿಳಿ ಬೂದು. ಕಾರ್ಡಿನ ಮೇಲೆ ಎರಡೂ ಚೆನ್ನ, ಎರಡನ್ನೂ ತಿಳಿ ಬಣ್ಣ ಎಂದೇ ಕರೆಯುತ್ತಾರೆ. ಈ ಕೋಣೆಯೊಳಗೆ ಮಾತ್ರ ಅವೆರಡರ ನಡತೆ ಬೇರೆ ಬೇರೆ.

ಡಬ್ಬಿಯೊಳಗೆ ಏನಿದೆ

ಎರಡೂ ಬಣ್ಣಗಳ ಮೂಲ ಒಂದೇ, ಟೈಟಾನಿಯಂ ಡೈಆಕ್ಸೈಡ್ ಬಿಳಿಯ ಬೇಸ್. ಅದಕ್ಕೆ ಮೆಷಿನ್ನು ಕೆಲವೇ ಮಿಲಿ ಬಣ್ಣದ ಸಾಂದ್ರವನ್ನು ಬಿಡುತ್ತದೆ. ಕೆನೆಗೆ ಮುಖ್ಯವಾಗಿ ಹಳದಿ ಕಬ್ಬಿಣದ ಆಕ್ಸೈಡ್. ಇದು ನಿಮ್ಮ ಕೆಂಪು ನೆಲದ ಆಕ್ಸೈಡಿನ ಬಳಗದ್ದೇ. ಬಿಸಿಲಿಗೂ ಸುಣ್ಣದ ಖಾರಕ್ಕೂ ಜಗ್ಗುವುದಿಲ್ಲ. ಬೂದುವಿಗೆ ಕಪ್ಪು, ಅಂದರೆ ಇಂಗಾಲದ ಮಸಿ. ಮಸಿಯನ್ನು ಬಿಳಿಗೆ ಸ್ವಲ್ಪವೇ ಬೆರೆಸಿದಾಗ ಬರುವ ಬೂದು ಸಾಮಾನ್ಯವಾಗಿ ತಟಸ್ಥವಾಗಿರದೆ ತುಸು ನೀಲಿಯ ಕಡೆ ವಾಲುತ್ತದೆ. ಅದನ್ನು ಸರಿದೂಗಿಸಲು ಕೆಲವು ಶೇಡ್‌ಗಳಲ್ಲಿ ಹಳದಿ ಅಥವಾ ಕೆಂಪು ಆಕ್ಸೈಡನ್ನು ಹನಿಯಷ್ಟು ಸೇರಿಸುತ್ತಾರೆ. ಹೀಗಾಗಿ ಕಾರ್ಡಿನಲ್ಲಿ ಒಂದೇ ಥರ ಕಾಣುವ ಎರಡು ಬೂದುಗಳಲ್ಲಿ ಒಂದರ ಒಳಛಾಯೆ ನೀಲಿ, ಇನ್ನೊಂದರದ್ದು ಕಂದು ಇರಬಹುದು. ಗೋಡೆ ಕೆಡುವುದೂ ಒಪ್ಪುವುದೂ ಈ ಒಳಛಾಯೆಯಿಂದಲೇ.

ಅದನ್ನು ಪತ್ತೆಮಾಡಲು ಸುಲಭದ ದಾರಿಯಿದೆ. ನೀವು ಆರಿಸಿದ ಶೇಡ್ ಇರುವ ಪಟ್ಟಿಯಲ್ಲೇ ಎಲ್ಲಕ್ಕಿಂತ ಗಾಢವಾದ ಚೌಕವನ್ನು ನೋಡಿ. ಪಟ್ಟಿಯ ಚೌಕಗಳು ಸಾಮಾನ್ಯವಾಗಿ ಒಂದೇ ಬಣ್ಣದ ತಿಳಿಯಿಂದ ಗಾಢದವರೆಗಿನ ಮೆಟ್ಟಿಲುಗಳು. ಕೆಳಗಿನದ್ದು ಸ್ಲೇಟಿನ ನೀಲಿಯಾಗಿದ್ದರೆ ಮೇಲಿನ ತಿಳಿ ಬೂದುವಿನಲ್ಲೂ ನೀಲಿ ಅಡಗಿದೆ ಎಂದರ್ಥ. ಎರಡನೆಯ ದಾರಿ, ಕಾರ್ಡನ್ನು ಅಪ್ಪಟ ಬಿಳಿಯ ಪಕ್ಕ ಹಿಡಿಯುವುದು. ಇದಕ್ಕೆ ಜೆರಾಕ್ಸ್ ಹಾಳೆ ಬಳಸಬೇಡಿ. ಆ ಹಾಳೆಗೆ ಹೊಳಪು ಕೊಡುವ ರಾಸಾಯನಿಕ ಹಾಕಿರುತ್ತಾರೆ. ಹಗಲ ಬೆಳಕಿನಲ್ಲಿ ಅದೇ ನೀಲಿಯಾಗಿ ಮಿನುಗಿ ಪಕ್ಕದ ಬಣ್ಣವನ್ನು ಇದ್ದದ್ದಕ್ಕಿಂತ ಹಳದಿಯಾಗಿ ತೋರಿಸುತ್ತದೆ. ಅದೇ ಕಂಪನಿಯ ಬಿಳಿ ಪೇಂಟ್ ಬಳಿದ ರಟ್ಟಿನ ತುಂಡು ಒಳ್ಳೆಯದು.

ಬೆಳಕಿನ ಲೆಕ್ಕ

ಪ್ರತಿ ಬಣ್ಣಕ್ಕೂ ಎಲ್‌ಆರ್‌ವಿ ಎಂಬ ಸಂಖ್ಯೆ ಇರುತ್ತದೆ. ಗೋಡೆಗೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ವಾಪಸ್ ಬರುತ್ತದೆ ಎಂಬುದರ ಅಳತೆ ಅದು. ಒಳ್ಳೆಯ ಬಿಳಿ 80ರ ಮೇಲಿರುತ್ತದೆ. ತಿಳಿ ಕೆನೆ 70ರ ಆಸುಪಾಸು, ತಿಳಿ ಬೂದು 50ರಿಂದ 60. ಕೆಲವು ಕಂಪನಿಗಳು ಇದನ್ನು ಶೇಡ್ ಜೊತೆಗೇ ಕೊಡುತ್ತವೆ. ಕಾರ್ಡಿನಲ್ಲಿಲ್ಲದಿದ್ದರೆ ಡೀಲರ್ ಹತ್ತಿರ ಕೇಳಿ.

ನಮ್ಮ ಕೋಣೆಗೆ ಕೆನೆಯನ್ನು 72, ಬೂದುವನ್ನು 55 ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 17 ತಾನೇ ಎನಿಸುತ್ತದೆ. ಆದರೆ ಕೋಣೆಯೊಳಗೆ ಬೆಳಕು ಒಂದೇ ಸಲ ಬಡಿದು ಮುಗಿಯುವುದಿಲ್ಲ. ಗೋಡೆಯಿಂದ ಗೋಡೆಗೆ, ನೆಲಕ್ಕೆ, ಮುಚ್ಚಿಗೆಗೆ ಪುಟಿಯುತ್ತಲೇ ಇರುತ್ತದೆ, ಪ್ರತಿ ಸಲವೂ ಒಂದಿಷ್ಟು ಕಳೆದುಕೊಳ್ಳುತ್ತದೆ. ಹಾಗಾಗಿ ಇಡೀ ಕೋಣೆಯ ಸರಾಸರಿ ಹಿಡಿಯಬೇಕು. ನೆಲ 120 ಚದರಡಿ, ಮುಚ್ಚಿಗೆ 120, ನಾಲ್ಕು ಗೋಡೆ ಸೇರಿ 440. ಒಟ್ಟು 680. ಕೆಂಪು ನೆಲ ವಾಪಸ್ ಕೊಡುವುದು ನೂರಕ್ಕೆ ಸುಮಾರು 15, ಹಳೆಯ ಮರದ ಮುಚ್ಚಿಗೆ ಸುಮಾರು 20. ಕಿಟಕಿ ಬಾಗಿಲು ಬಿಟ್ಟು ಒರಟಾಗಿ ಲೆಕ್ಕ ಹಾಕಿದರೆ, ಕೆನೆ ಗೋಡೆಯ ಕೋಣೆಯ ಸರಾಸರಿ ನೂರಕ್ಕೆ 53, ಅಂದರೆ 0.53, ಬೂದು ಗೋಡೆಯದ್ದು 0.42. ಪುಟಿದು ಪುಟಿದು ಕೋಣೆ ತುಂಬುವ ಬೆಳಕು, ಈ ಸರಾಸರಿಯನ್ನು ಒಂದರಲ್ಲಿ ಅದನ್ನು ಕಳೆದು ಉಳಿದದ್ದರಿಂದ ಭಾಗಿಸಿದಷ್ಟು. ಕೆನೆಗೆ 0.53ನ್ನು 0.47ರಿಂದ ಭಾಗಿಸಿದರೆ ಸುಮಾರು 1.1, ಬೂದುವಿಗೆ 0.42ನ್ನು 0.58ರಿಂದ ಭಾಗಿಸಿದರೆ ಸುಮಾರು 0.7. ಅಂದರೆ ಕಾರ್ಡಿನಲ್ಲಿ 17ರಷ್ಟಿದ್ದ ಅಂತರಕ್ಕೆ ಕೋಣೆಯೊಳಗಿನ ಪ್ರತಿಫಲಿತ ಬೆಳಕಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚೇ ಕಡಿಮೆಯಾಯಿತು. ಕಿಟಕಿ ದೂರದ ಮೂಲೆಗಳು ಬದುಕುವುದು ಈ ಪುಟಿದ ಬೆಳಕಿನಿಂದಲೇ. ಬೂದು ಬಳಿದ ಕೋಣೆಯ ಮೂಲೆ ಮಳೆಗಾಲದ ಮಧ್ಯಾಹ್ನವೇ ದೀಪ ಬೇಡುವುದು ಇದಕ್ಕೆ.

ಇದೇ ಲೆಕ್ಕದಲ್ಲಿ ಒಂದು ಉಪಾಯವೂ ಸಿಗುತ್ತದೆ. ಮುಚ್ಚಿಗೆ 20ರ ಬದಲು ಬಿಳಿ ಬಳಿದ ತಾರಸಿಯ 80 ಆಗಿದ್ದರೆ, ಬೂದು ಗೋಡೆಯ ಸರಾಸರಿಯೇ 0.52ಕ್ಕೆ ಏರಿ ಪುಟಿದ ಬೆಳಕು 1.1 ಆಗುತ್ತದೆ. ಮರದ ಮುಚ್ಚಿಗೆಯಡಿಯ ಕೆನೆಗೂ ಬಿಳಿ ತಾರಸಿಯಡಿಯ ಬೂದುವಿಗೂ ಬೆಳಕಿನ ಮಟ್ಟ ಹೆಚ್ಚುಕಡಿಮೆ ಒಂದೇ. ಬೂದು ಬೇಕೇ ಬೇಕು ಎನ್ನುವವರು ಗೋಡೆಗಿಂತ ಮೊದಲು ತಲೆ ಮೇಲೆ ನೋಡಬೇಕು. ಹಾಗಂತ ಬೀಟೆ, ಹಲಸಿನ ಹಲಗೆಯ ಹಳೆಯ ಮುಚ್ಚಿಗೆಗೆ ಬಿಳಿ ಪೇಂಟ್ ಬಳಿಯಿರಿ ಎಂದು ಯಾರಿಗೂ ಹೇಳಲಾಗದು. ಅಂಥ ಮರ ಮತ್ತೆ ಸಿಗುವುದಿಲ್ಲ, ಒಮ್ಮೆ ಪೇಂಟ್ ಕುಡಿದ ಮರವನ್ನು ಮೊದಲಿನಂತೆ ಮಾಡುವುದೂ ಕಷ್ಟ. ಅಂಥ ಕೋಣೆಯಲ್ಲಿ ಗೋಡೆಯೇ ತಿಳಿಯಾಗಬೇಕು.

ಪುಟಿಯುವ ಬೆಳಕು ಬಣ್ಣವನ್ನು ಗಾಢವೂ ಮಾಡುತ್ತದೆ. ಒಂದು ಕೆನೆ ಗೋಡೆ ಕೆಂಪು ಬೆಳಕಿನ 80 ಪಾಲು, ನೀಲಿಯ 60 ಪಾಲು ವಾಪಸ್ ಕೊಡುತ್ತದೆ ಎನ್ನೋಣ. ಮೊದಲ ಪುಟಿತದಲ್ಲಿ ಕೆಂಪಿಗೆ ಹೋಲಿಸಿದರೆ ನೀಲಿ ಮುಕ್ಕಾಲು. ಎರಡನೆಯದರಲ್ಲಿ 64ಕ್ಕೆ 36, ಅರ್ಧಕ್ಕಿಂತ ತುಸು ಮೇಲೆ. ಮೂರನೆಯದರಲ್ಲಿ ಸುಮಾರು 51ಕ್ಕೆ 22, ಅರ್ಧಕ್ಕೂ ಕಡಿಮೆ. ಹೀಗೆ ನೀಲಿ ಸೋರಿಹೋಗಿ ಹಳದಿ ಉಳಿಯುತ್ತದೆ. ಕಾರ್ಡಿನಲ್ಲಿ ಬೆಣ್ಣೆಯಂತಿದ್ದ ಕೆನೆ ನಾಲ್ಕು ಗೋಡೆಗೂ ಬಂದಾಗ ತುಪ್ಪದಂತಾಗುವುದು, ಅದರಲ್ಲೂ ಮೂಲೆಗಳಲ್ಲಿ, ಇದೇ ಕಾರಣಕ್ಕೆ. ಕೆನೆ ಆರಿಸುವಾಗ ಕಾರ್ಡಿನಲ್ಲಿ ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯದನ್ನು ತೆಗೆದುಕೊಳ್ಳಿ ಎನ್ನುವ ಪೇಂಟರುಗಳ ಮಾತಿನಲ್ಲಿ ಈ ಗಣಿತವೆಲ್ಲ ಅಡಗಿದೆ. ಬೂದುವಿನಲ್ಲೂ ಇದೇ ನಡೆಯುತ್ತದೆ, ಆದರೆ ಎದ್ದು ಕಾಣುವುದು ಒಳಛಾಯೆ: ಕಾರ್ಡಿನಲ್ಲಿ ಸುಳಿವೂ ಸಿಗದ ನೀಲಿ ಗೋಡೆಯಲ್ಲಿ ಬಾಯಿಬಿಡುತ್ತದೆ.

ಕಿಟಕಿ ಯಾವ ದಿಕ್ಕಿಗೆ, ಊರು ಯಾವ ಕಡೆಗೆ

ಬಣ್ಣದ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹಳಷ್ಟು ಯುರೋಪ್, ಅಮೆರಿಕದ ಮನೆಗಳಿಗೆ ಬರೆದವು. ಉತ್ತರದ ಕೋಣೆಗೆ ವರ್ಷವಿಡೀ ತಣ್ಣನೆಯ ನೀಲಿ ಬೆಳಕು, ದಕ್ಷಿಣದ್ದಕ್ಕೆ ಬಿಸಿಲು ಎಂಬುದು ಅಲ್ಲಿಗೆ ಸರಿ. ಹಾಸನ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಚಿಕ್ಕಮಗಳೂರು ಅದಕ್ಕಿಂತ ತುಸು ಮೇಲೆ. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಮೇ ತಿಂಗಳ ಬೆಳಗು, ಸಂಜೆಗಳಲ್ಲಿ ಉತ್ತರದ ಗೋಡೆಗೂ ಬಿಸಿಲು ಬೀಳುತ್ತದೆ. ಡಿಸೆಂಬರಿನಲ್ಲಿ ನಡುಹಗಲ ಸೂರ್ಯ ದಕ್ಷಿಣದಲ್ಲಿ, ಸುಮಾರು 53 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. ದಕ್ಷಿಣದ ಕಿಟಕಿಗೆ ಸಜ್ಜಾ ಚಿಕ್ಕದಿದ್ದರೆ ಬಿಸಿಲು ನೆಲದವರೆಗೆ ಬರುತ್ತದೆ. ಪೂರ್ವ, ಪಶ್ಚಿಮದ ಕಿಟಕಿಗಳಿಗೆ ಮಾತ್ರ ಎಲ್ಲ ಕಾಲಕ್ಕೂ ಅರ್ಧ ದಿನ ಬೆಚ್ಚನೆಯ ಬೆಳಕು, ಅರ್ಧ ದಿನ ತಣ್ಣನೆಯದು.

ಆದರೆ ನಮ್ಮಲ್ಲಿ ದಿಕ್ಕಿಗಿಂತ ಹೆಚ್ಚು ನಿರ್ಧರಿಸುವುದು ಮೋಡ. ಸೂರ್ಯ ಉತ್ತರಕ್ಕೆ ಬಂದ ಜೂನ್, ಜುಲೈಯಲ್ಲೇ ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ಬಿಸಿಲು ಕಾಣದ ದಿನಗಳ ಸಾಲು. ಆಗ ಕೋಣೆಗೆ ಬರುವುದು ಆಕಾಶವಿಡೀ ಹರಡಿದ ಬೂದು ಬೆಳಕು, ಸುಮಾರು 6,500ರಿಂದ 7,000 ಕೆಲ್ವಿನ್‌ನದ್ದು (ಕೆಲ್ವಿನ್ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಬೆಳಕು ನೀಲಿ, ಇಳಿದಷ್ಟೂ ಹಳದಿ). ನಾಲ್ಕೂ ದಿಕ್ಕಿನ ಕಿಟಕಿಗೆ ಅದೇ ಬೆಳಕು. ಜೊತೆಗೆ ಜಗಲಿ, ಚಾಚಿದ ಸೂರು, ಮರದ ನೆರಳು ಸೇರಿ ಅದೂ ಕಮ್ಮಿ. ಬೆಳಕು ತೀರಾ ಇಳಿದಾಗ ನಮ್ಮ ಕಣ್ಣೂ ಬದಲಾಗುತ್ತದೆ: ಕೆಂಪು, ಹಳದಿಗಳು ಮಂಕಾಗಿ ನೀಲಿ ಹೋಲಿಕೆಯಲ್ಲಿ ಹೊಳೆಯುತ್ತದೆ. ಇದಕ್ಕೆ ಪರ್ಕಿಂಜೆ ಪರಿಣಾಮ ಎನ್ನುತ್ತಾರೆ. ನೀಲಿ ಒಳಛಾಯೆಯ ಬೂದು ಮಳೆಗಾಲದ ಸಂಜೆ ಆಸ್ಪತ್ರೆ ಗೋಡೆಯಂತಾಗುವುದಕ್ಕೆ ಬೆಳಕೂ ಕಾರಣ, ಕಣ್ಣೂ ಕಾರಣ.

ಚಿಕ್ಕಮಗಳೂರು ಜಿಲ್ಲೆಯದ್ದೇ ಆದ ಕಡೂರು, ತರೀಕೆರೆ ಕಡೆಗೋ ಹಾಸನ ಜಿಲ್ಲೆಯ ಅರಸೀಕೆರೆಗೋ ಹೋದರೆ ಮಾತು ತಿರುವುಮುರುವು. ಅಲ್ಲಿ ವರ್ಷದ ಹೆಚ್ಚಿನ ದಿನ ಪ್ರಖರ ಬಿಸಿಲು, ಎದುರಿಗೆ ಬೋಳು ಅಂಗಳ. ಪಶ್ಚಿಮದ ಕಿಟಕಿಯ ಕೋಣೆಗೆ ಕೆನೆ ಬಳಿದರೆ ಸಂಜೆ ನಾಲ್ಕರ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಬೂದು ಅಲ್ಲಿ ತಂಪು. ಹಾಗಾಗಿ ಸಕಲೇಶಪುರದ ನೆಂಟರ ಮನೆಯಲ್ಲಿ ಚೆನ್ನಾಗಿ ಕಂಡ ಬಣ್ಣವನ್ನು ಅರಸೀಕೆರೆಯ ಮನೆಗೆ ಕೋಡ್ ಸಮೇತ ತರುವುದರಲ್ಲಿ ಅರ್ಥವಿಲ್ಲ.

ಕೆಂಪು ನೆಲ, ಹಸಿರು ತೋಟ

ರೆಡ್ ಆಕ್ಸೈಡ್ ನೆಲಕ್ಕೆ ಬಿಸಿಲು ಬಿದ್ದಾಗ ಗೋಡೆಯ ಕೆಳಗಿನ ಎರಡು ಮೂರು ಅಡಿ ಕೆಂಪಾಗಿ ತೊಯ್ದಂತಾಗುತ್ತದೆ. ಕೆನೆ ಗೋಡೆ ಅಲ್ಲಿ ಪೀಚ್ ಹಣ್ಣಿನ ಬಣ್ಣಕ್ಕೆ ಬರುತ್ತದೆ, ಅದು ಹಿತವೇ. ನೀಲಿ ಒಳಛಾಯೆಯ ಬೂದುವಿಗೆ ಕೆಂಪು ಬೆರೆತರೆ ನೇರಳೆಯ ಸುಳಿವು ಏಳುತ್ತದೆ, ಮೇಲ್ಭಾಗ ಮಾತ್ರ ನೀಲಿಯಾಗಿಯೇ ಉಳಿಯುತ್ತದೆ. ಒಂದೇ ಗೋಡೆಯಲ್ಲಿ ಎರಡು ಬಣ್ಣ. ನೆಲ ಎಷ್ಟು ಪಾಲಿಶ್ ಆಗಿದೆಯೋ ಅಷ್ಟು ಇದು ಎದ್ದು ಕಾಣುತ್ತದೆ. ಕೆಂಪು ನೆಲದ ಮನೆಗೆ ಬೂದು ಬೇಕಿದ್ದರೆ ಕಂದು ಒಳಛಾಯೆಯದ್ದನ್ನೇ ಆರಿಸಿ. ನೀಲಿ ಒಳಛಾಯೆಯದ್ದು ಬಿಳಿ ಟೈಲ್ಸ್, ಗ್ರಾನೈಟ್ ನೆಲದ ಹೊಸ ಮನೆಗೆ ಸರಿ.

ಕಿಟಕಿಯಾಚೆ ಐದಾರು ಅಡಿಗೇ ಕಾಫಿ ಗಿಡ, ಸಿಲ್ವರ್ ಓಕ್, ಮೆಣಸಿನ ಬಳ್ಳಿ ಇದ್ದರೆ ಒಳಗೆ ಬರುವುದು ಎಲೆ ತಾಗಿ ಬಂದ ಬೆಳಕು. ಅದಕ್ಕೆ ಹಸಿರು ಬೆರೆತಿರುತ್ತದೆ. ಕೆನೆಯಲ್ಲಿ ಹಳದಿ ಜಾಸ್ತಿಯಿದ್ದರೆ ಕಿಟಕಿ ಎದುರಿನ ಗೋಡೆ ನಿಂಬೆಕಾಯಿಯ ಕಡೆ ಹೊರಳುತ್ತದೆ. ತುಸು ಕೆಂಪು ಬೆರೆತ ಕೆನೆಗೆ ಈ ತೊಂದರೆ ಕಡಿಮೆ. ಊರೊಳಗಿನ ಮನೆಗಳಲ್ಲಿ ತೋಟದ ಜಾಗದಲ್ಲಿ ಪಕ್ಕದ ಮನೆಯ ಗೋಡೆ ಇರುತ್ತದೆ. ಅದು ಗಾಢ ಗುಲಾಬಿಯೋ ಗಿಳಿಹಸಿರೋ ಆಗಿದ್ದರೆ ನಿಮ್ಮ ಕೋಣೆಗೂ ಅದರ ಪಾಲು ಬರುತ್ತದೆ.

ಮರದ ಸಾಮಾನಿನ ಪ್ರಭಾವ ಬೇರೆ ಬಗೆಯದು. ಅದು ಬೆಳಕಿನದ್ದಲ್ಲ, ಕಣ್ಣಿನದ್ದು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೊಲ್ 19ನೇ ಶತಮಾನದಲ್ಲಿ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆ ನೋಡಿಕೊಳ್ಳುತ್ತಿದ್ದಾಗ, ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ನೂಲಿನ ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ನೇಯ್ದ ನೀಲಿ ಅದನ್ನು ಹಾಗೆ ತೋರಿಸುತ್ತಿತ್ತು. ಪಕ್ಕದ ಬಣ್ಣ ತನ್ನ ವಿರುದ್ಧ ಛಾಯೆಯನ್ನು ಇನ್ನೊಂದಕ್ಕೆ ಅಂಟಿಸುತ್ತದೆ. ಬೂದು ಗೋಡೆಯ ಮುಂದೆ ಸಾಗುವಾನಿ ಮಂಚ ಇಟ್ಟರೆ ಮರ ಇನ್ನಷ್ಟು ಕಿತ್ತಳೆಯಾಗಿ, ಗೋಡೆ ಇನ್ನಷ್ಟು ನೀಲಿಯಾಗಿ ಕಾಣುವುದು ಇದರಿಂದ. ಕೆನೆಯ ಮುಂದೆ ಅದೇ ಮಂಚ ಗೋಡೆಯೊಂದಿಗೆ ಬೆರೆತುಹೋಗುತ್ತದೆ. ಮರ ಎದ್ದು ಕಾಣಲಿ ಎನ್ನುವವರಿಗೆ ಬೂದು, ಕೋಣೆ ಒಂದಾಗಿ ಕಾಣಲಿ ಎನ್ನುವವರಿಗೆ ಕೆನೆ.

ಬಲ್ಬ್

ಅಂಗಡಿಯಲ್ಲಿ ಕೂಲ್ ಡೇಲೈಟ್ ಎಂದು ಸಿಗುವ ಎಲ್‌ಇಡಿ 6,500 ಕೆಲ್ವಿನ್, ವಾರ್ಮ್ ವೈಟ್ 2,700ರಿಂದ 3,000. ಮೊದಲನೆಯದರಡಿ ಬೂದು ಕೊರೆಯುತ್ತದೆ, ಕೆನೆ ಸಪ್ಪೆಯಾಗುತ್ತದೆ. ಎರಡನೆಯದರಡಿ ಬೂದು ತಟಸ್ಥವಾಗಿ ಚೆನ್ನಾಗಿ ಕಾಣುತ್ತದೆ, ಕೆನೆ ಗಟ್ಟಿ ಹಳದಿಯಾಗುತ್ತದೆ. ಎರಡಕ್ಕೂ ಒಪ್ಪುವುದು ಮಧ್ಯದ 4,000. ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂದಿರುವುದನ್ನೂ ನೋಡಿ, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು. 80 ಸಾಮಾನ್ಯ, 90 ದಾಟಿದರೆ ಒಳ್ಳೆಯದು. ಬಣ್ಣ ಇಷ್ಟವಾಗದೆ ಮತ್ತೆ ಪೇಂಟ್ ಮಾಡಿಸಲು ಹೊರಟವರು ಮೊದಲು ಬಲ್ಬ್ ಬದಲಿಸಿ ಒಂದು ವಾರ ನೋಡುವುದು ಲಾಭ.

ಪರೀಕ್ಷೆ ಮಾಡುವ ಕ್ರಮ

ಎರಡೂ ಶೇಡ್‌ಗಳನ್ನು ಸಣ್ಣ ಡಬ್ಬಿಯಲ್ಲಿ ಮಿಕ್ಸ್ ಮಾಡಿಸಿ. 200 ಮಿಲಿ ಸಿಕ್ಕರೆ ಸಾಕು, ಇಲ್ಲವಾದರೆ 1 ಲೀಟರ್. ಆಯ್ಕೆಯಾದದ್ದು ಹೇಗೂ ಗೋಡೆಗೆ ಬಳಕೆಯಾಗುತ್ತದೆ. ಮುಂದೆ ಗೋಡೆಗೆ ಹಚ್ಚುವ ಪೇಂಟನ್ನೇ ತರಿಸಬೇಕು. ಅದೇ ಕೋಡಿನ ಬಣ್ಣ ಡಿಸ್ಟೆಂಪರ್‌ನಲ್ಲಿ ಒಂದು ಥರ, ಮ್ಯಾಟ್ ಎಮಲ್ಷನ್‌ನಲ್ಲಿ ಒಂದು ಥರ, ಹೊಳಪಿನ ಎಮಲ್ಷನ್‌ನಲ್ಲಿ ಇನ್ನೊಂದು ಥರ. ಮ್ಯಾಟ್ ಬೆಳಕನ್ನು ಚೆದುರಿಸಿ ತಿಳಿಯಾಗಿ ಕಾಣುತ್ತದೆ. ಹೊಳಪಿನದ್ದು ಗಾಢವಾಗಿ ಕಾಣುವುದಲ್ಲದೆ ಪುಟ್ಟಿಯ ಏರುತಗ್ಗನ್ನೆಲ್ಲ ಬಯಲು ಮಾಡುತ್ತದೆ.

ನೇರ ಗೋಡೆಗೆ ಹಚ್ಚುವುದಕ್ಕಿಂತ ಹಲಗೆಗೆ ಹಚ್ಚುವುದು ಮೇಲು. ಎರಡು ಅಡಿ ಚದರದ ಹಾರ್ಡ್‌ಬೋರ್ಡ್ ಅಥವಾ ದಪ್ಪ ರಟ್ಟು ತಂದು ಪ್ರೈಮರ್ ಹೊಡೆದು, ಸುತ್ತ ಎರಡು ಇಂಚು ಬಿಳಿ ಅಂಚು ಉಳಿಸಿ, ರೋಲರಿನಲ್ಲಿ ಎರಡು ಕೋಟ್ ಕೊಡಿ. ಗೋಡೆಗೆ ರೋಲರ್ ಬಳಸಿ ಮಾದರಿಗೆ ಬ್ರಶ್ ಬಳಸಿದರೆ ಮೇಲ್ಮೈ ಬೇರೆಯಾಗಿ ಬಣ್ಣವೂ ಬೇರೆಯಾಗಿ ಕಾಣುತ್ತದೆ. ಪ್ರತಿ ಬಣ್ಣಕ್ಕೆ ಮೂರು ಹಲಗೆ ಮಾಡಿದರೆ, ಬಿಳಿ ಅಂಚನ್ನೂ ಸೇರಿಸಿ ಹಿಡಿದರೂ ಎರಡು ಕೋಟಿಗೆ 24 ಚದರಡಿ. ಲೀಟರಿಗೆ 120 ಚದರಡಿ ಎಂದು ಹಿಡಿದರೆ 200 ಮಿಲಿ ಸಾಕು. ಬಿಳಿ ಅಂಚು ಬಿಡುವುದು ಹಳೆಯ ಗೋಡೆಯ ಬಣ್ಣ ಕಣ್ಣಿಗೆ ಮೋಸ ಮಾಡದಿರಲಿ ಎಂದು. ಗಿಳಿಹಸಿರು ಗೋಡೆಯ ನಡುವೆ ತಟಸ್ಥ ಬೂದು ಹಚ್ಚಿ ನೋಡಿದರೆ ಗುಲಾಬಿ ಕಂಡೇ ಕಾಣುತ್ತದೆ.

ತೀರ್ಪು ಕೊಡುವ ಮುಂಚೆ ಒಂದು ರಾತ್ರಿ ಒಣಗಲು ಬಿಡಿ. ಎಮಲ್ಷನ್‌ನ ಅಂಟು ಹಸಿಯಿದ್ದಾಗ ಹಾಲಿನಂತೆ ಬೆಳ್ಳಗಿದ್ದು ಒಣಗಿದ ಮೇಲೆ ಪಾರದರ್ಶಕವಾಗುತ್ತದೆ, ಹಾಗಾಗಿ ಬಣ್ಣ ಒಣಗುತ್ತ ಗಾಢವಾಗುತ್ತದೆ. ಸುಣ್ಣದ್ದು ಇದಕ್ಕೆ ಉಲ್ಟಾ, ಒಣಗುತ್ತ ಬೆಳ್ಳಗಾಗುತ್ತದೆ.

ಹಲಗೆಗಳನ್ನು ಮೂರು ಕಡೆ ಇಡಿ: ಕಿಟಕಿಗೆ ಎದುರು ಗೋಡೆಗೆ, ಕಿಟಕಿ ಇರುವ ಗೋಡೆಗೇ, ಮತ್ತು ನೆಲಕ್ಕೆ ತಾಗಿಸಿ ಒಂದು ಮೂಲೆಗೆ. ನೆಟ್ಟಗೆ ನಿಲ್ಲಿಸಬೇಕು, ಮಲಗಿಸಿದರೆ ಬೆಳಕು ಬೀಳುವ ಕೋನವೇ ಬೇರೆ. ಕೆನೆ, ಬೂದು ಎರಡನ್ನೂ ಒಂದಕ್ಕೊಂದು ಅಂಟಿಸಿಟ್ಟರೆ ವ್ಯತ್ಯಾಸ ಉತ್ಪ್ರೇಕ್ಷೆಯಾಗುತ್ತದೆ. ಒಂದನ್ನು ಇಡೀ ದಿನ ಇಟ್ಟು ನೋಡಿ, ಮರುದಿನ ಇನ್ನೊಂದನ್ನು ಇಡಿ. ಬೆಳಿಗ್ಗೆ ಎಂಟು, ನಡುಹಗಲು, ಸಂಜೆ ನಾಲ್ಕು, ರಾತ್ರಿ ದೀಪ ಹಾಕಿದ ಮೇಲೆ, ಹೀಗೆ ನಾಲ್ಕು ಹೊತ್ತು. ಅಂಗಳದ ಬಿಸಿಲಿನಿಂದ ಒಳಗೆ ಬಂದ ಕೂಡಲೇ ನೋಡಬೇಡಿ. ಐದು ನಿಮಿಷ ಕೋಣೆಯಲ್ಲೇ ಕೂತು ಕಣ್ಣು ಹೊಂದಿಕೊಂಡ ಮೇಲೆ ನೋಡಿ.

ಪೇಂಟ್ ಕೆಲಸ ನಡೆಯುವುದು ಬೇಸಿಗೆಯಲ್ಲಿ, ಬಣ್ಣ ಕೈಕೊಡುವುದು ಮಳೆಗಾಲದಲ್ಲಿ. ಫೆಬ್ರವರಿಯಲ್ಲಿ ಜೂನ್‌ನ ಬೆಳಕು ಎಲ್ಲಿಂದ ತರುವುದು? ಸೂರ್ಯ ಮುಳುಗಿ ಹತ್ತು ಹದಿನೈದು ನಿಮಿಷಕ್ಕೆ, ದೀಪ ಹಾಕದೆ ಹಲಗೆ ನೋಡಿ. ಆಗಿನ ಬೆಳಕು ಮಂದ, ನೀಲಿ, ನೆರಳಿಲ್ಲದ್ದು. ಮಳೆ ಹಿಡಿದ ಸಂಜೆಗೆ ಹತ್ತಿರ. ಈ ಹೊತ್ತಿನಲ್ಲೂ ಮನಸ್ಸಿಗೆ ಒಪ್ಪಿದ ಬಣ್ಣ ವರ್ಷದ ಉಳಿದ ಹೊತ್ತಿನಲ್ಲಿ ಕೈಬಿಡುವುದು ಅಪರೂಪ. ಉಳಿದೆಲ್ಲ ಪರೀಕ್ಷೆಗಿಂತ ಇದಕ್ಕೇ ಹೆಚ್ಚು ಬೆಲೆ ಕೊಡಿ.

ಹಲಗೆಯ ಫೋಟೋ ತೆಗೆದು ಬೆಂಗಳೂರಿನಲ್ಲಿರುವ ಮಗನಿಗೋ ಮಗಳಿಗೋ ವಾಟ್ಸಾಪ್ ಮಾಡಿ ಅಭಿಪ್ರಾಯ ಕೇಳುವುದರಿಂದ ಉಪಯೋಗವಿಲ್ಲ. ಫೋನ್ ಕ್ಯಾಮೆರಾ ಪ್ರತಿ ಚಿತ್ರದಲ್ಲೂ ಬಿಳಿಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ನೀವು ತಿಳಿಯಬೇಕಿದ್ದ ನೀಲಿ, ಹಳದಿಯನ್ನೇ ಅದು ಅಳಿಸಿಹಾಕುತ್ತದೆ.

ಗೋಡೆ ಸಿದ್ಧವಿದೆಯೇ

ಗೋಡೆ ತೇವವಿದ್ದರೆ ಹೋಲಿಕೆಯೇ ವ್ಯರ್ಥ. ಒಂದು ಅಡಿ ಚದರದ ಪಾಲಿಥೀನ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ 24 ಗಂಟೆ ಬಿಡಿ. ಹಾಳೆಯ ಹಿಂದೆ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಮುಂದೆ ಕಟ್ಟಿದರೆ ಗಾಳಿಯ ತೇವ. ಹಿಂದೆ ಕಟ್ಟಿದಾಗ ಮೊದಲು ಸೂರು, ಪೈಪ್, ಪಾಯ ನೋಡಬೇಕು. ಅದು ಬಿಟ್ಟು ಪೇಂಟ್ ಮಾಡಿದರೆ ಗೋಡೆ ಉಪ್ಪು ಬಿಟ್ಟು ಪದರ ಏಳುತ್ತದೆ, ಕೆನೆಯಲ್ಲಿ ಚಹಾ ಚೆಲ್ಲಿದಂಥ ಕಲೆ, ಬೂದುವಿನಲ್ಲಿ ಬಿಳಿ ಪುಡಿಯ ತೇಪೆ. ಮಳೆಗಾಲದ ನೀರು ಆರಿ, ಕಾಫಿ ಕುಯ್ಲೂ ಒಂದು ಹಂತಕ್ಕೆ ಬಂದು, ಸಂಕ್ರಾಂತಿಯಿಂದ ಯುಗಾದಿಯೊಳಗೆ ಕೆಲಸ ಮುಗಿಸುವುದು ಈ ಸೀಮೆಗೆ ಸರಿಯಾದ ಕಾಲ. ಹೊಸ ಗಾರೆಯಾದರೆ ಕನಿಷ್ಠ 28 ದಿನ ಕಾಯಬೇಕು.

ಅಂಗೈಯಿಂದ ಗೋಡೆ ಉಜ್ಜಿ. ಬಿಳಿ ಪುಡಿ ಅಂಟಿದರೆ ಕೆಳಗೆ ಸುಣ್ಣವೋ ಹಳೆಯ ಡಿಸ್ಟೆಂಪರೋ ಇದೆ. ಅದರ ಮೇಲೆ ನೇರ ಎಮಲ್ಷನ್ ಹಚ್ಚಿದರೆ ಪುಡಿಯ ಸಮೇತ ಹಪ್ಪಳದಂತೆ ಏಳುತ್ತದೆ. ಕೆರೆದು, ಎಮರಿ ಪೇಪರ್ ಹಾಕಿ, ಪ್ರೈಮರ್ ಕೊಟ್ಟೇ ಮುಂದುವರಿಯಬೇಕು. ಮಣ್ಣಿನ ಗೋಡೆಯಾದರೆ ಎಮಲ್ಷನ್ ಬೇಡವೇ ಬೇಡ. ಅಂಥ ಗೋಡೆಯ ತೇವ ಆಚೆ ಹೋಗಲು ಸುಣ್ಣ ಬಿಡುತ್ತದೆ, ಪ್ಲಾಸ್ಟಿಕ್ಕಿನಂಥ ಎಮಲ್ಷನ್ ಪದರ ಬಿಡುವುದಿಲ್ಲ. ಅಲ್ಲಿ ಕೆನೆಯೇ ಸುಲಭ: ಸುಣ್ಣಕ್ಕೆ ಹಳದಿ ಆಕ್ಸೈಡ್ ಪುಡಿ ಬೆರೆಸಿದರೆ ಆಯಿತು. ಪುಡಿ ಸುಣ್ಣದ ತೂಕದ ಹತ್ತನೇ ಒಂದು ಪಾಲು ದಾಟದಿರಲಿ, ದಾಟಿದರೆ ಒರಗಿದವರ ಬಟ್ಟೆಗೆಲ್ಲ ಅಂಟುತ್ತದೆ.

ಬೂಷ್ಟಿನ ಕರಿಚುಕ್ಕೆ ಕೆನೆಯಲ್ಲಿ ಬೇಗ ಕಾಣುತ್ತದೆ, ಬೂದುವಿನಲ್ಲಿ ತಡವಾಗಿ. ಬೂದು ಕೊಳೆ ಮುಚ್ಚುತ್ತದೆ ಎಂದು ಆರಿಸುವವರಿದ್ದಾರೆ. ಮಲಗುವ ಕೋಣೆಯಲ್ಲಿ, ಅದರಲ್ಲೂ ಮಕ್ಕಳೋ ಉಬ್ಬಸದವರೋ ಮಲಗುವಲ್ಲಿ, ಬೂಷ್ಟು ಮೊದಲ ದಿನವೇ ಕಣ್ಣಿಗೆ ಬೀಳುವುದು ಒಳ್ಳೆಯದು. ಬೀರುವನ್ನು ಗೋಡೆಯಿಂದ ಮೂರು ಇಂಚು ದೂರ ಇಟ್ಟರೆ ಅರ್ಧ ಬೂಷ್ಟು ಬರುವುದೇ ಇಲ್ಲ.

ಎಷ್ಟು ಪೇಂಟ್ ಬೇಕು

ಒಟ್ಟು ಗೋಡೆ 440 ಚದರಡಿ. ಏಳಕ್ಕೆ ಮೂರರ ಬಾಗಿಲು, ನಾಲ್ಕಕ್ಕೆ ನಾಲ್ಕರ ಕಿಟಕಿ ಕಳೆದರೆ ಸುಮಾರು 400. ಪುಟ್ಟಿ ಹಾಕಿ ನಯವಾದ ಗೋಡೆಗೆ ಒಂದು ಲೀಟರ್ ಎಮಲ್ಷನ್ ಒಂದು ಕೋಟಿಗೆ ಸುಮಾರು 120 ಚದರಡಿ ಬರುತ್ತದೆ. ಎರಡು ಕೋಟಿಗೆ 6.7, ಅಂದರೆ 7 ಲೀಟರ್. ಪ್ರೈಮರ್ 3.5 ಲೀಟರ್ ಸಾಕು.

ಇಲ್ಲಿ ಎರಡು ಬಣ್ಣಗಳ ನಡುವೆ ಖರ್ಚಿನ ವ್ಯತ್ಯಾಸ ಬರುತ್ತದೆ. ಕಪ್ಪು ಬೆರೆತ ಬೂದುವಿಗೆ ಮರೆಮಾಚುವ ಶಕ್ತಿ ಹೆಚ್ಚು, ಎರಡು ಕೋಟಿಗೇ ಹಳೆಯ ಬಣ್ಣ ಮುಚ್ಚುತ್ತದೆ. ತಿಳಿ ಕೆನೆಗೆ ಆ ಶಕ್ತಿ ಕಡಿಮೆ. ಹಳೆಯ ಗೋಡೆ ಗಾಢ ಹಸಿರೋ ನೀಲಿಯೋ ಆಗಿದ್ದರೆ ಮೂರನೆಯ ಕೋಟ್ ಬೇಕಾಗಿ 10 ಲೀಟರ್ ಹಿಡಿಯುತ್ತದೆ. ಅದರ ಬದಲು ಪ್ರೈಮರನ್ನೇ ಎರಡು ಕೋಟ್ ಕೊಟ್ಟು ಮೊದಲು ಬಿಳಿ ಮಾಡಿಕೊಂಡರೆ ಸಾಮಾನ್ಯವಾಗಿ ಅಗ್ಗ. ನೀರು ಡಬ್ಬಿಯ ಮೇಲೆ ಬರೆದಷ್ಟೇ ಬೆರೆಸಿ. ಹೆಚ್ಚು ನೀರಿಗೆ ಪೇಂಟ್ ಮುಂದುವರಿದಂತೆ ಕಂಡರೂ ಬಣ್ಣ ತೆಳುವಾಗಿ ತೇಪೆ ತೇಪೆಯಾಗುತ್ತದೆ, ಮಾದರಿ ಹಲಗೆಗೂ ಗೋಡೆಗೂ ಹೊಂದಾಣಿಕೆಯೇ ಆಗುವುದಿಲ್ಲ. ಕೋಟ್‌ಗಳ ನಡುವೆ ಒಣಹವೆಯಲ್ಲಿ ನಾಲ್ಕರಿಂದ ಆರು ಗಂಟೆ. ಮಂಜು ಬಿದ್ದ ದಿನ ಮರುದಿನಕ್ಕೇ ಬಿಡುವುದು ಕ್ಷೇಮ.

ನಮ್ಮ ಕೋಣೆಗೆ, ಅಂದರೆ ಉತ್ತರದ ಒಂದೇ ಕಿಟಕಿ, ಜಗಲಿ, ಕೆಂಪು ನೆಲ, ಮರದ ಮುಚ್ಚಿಗೆ ಇರುವಲ್ಲಿಗೆ, ಕೆನೆಯೇ ಸರಿ, ಅದೂ ಕಾರ್ಡಿನಲ್ಲಿ ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯದ್ದು, ಮ್ಯಾಟ್‌ನಲ್ಲಿ, 4,000 ಕೆಲ್ವಿನ್ ದೀಪದೊಂದಿಗೆ. ಅದೇ ಮನೆಯ ಪಶ್ಚಿಮಕ್ಕೆ ಎರಡು ಕಿಟಕಿಯಿರುವ, ಬಿಳಿ ತಾರಸಿಯ ಹೊಸ ಕೋಣೆಗೆ ಕಂದು ಒಳಛಾಯೆಯ ಬೂದು ಹಾಕಿದರೆ ಯಾವ ತೊಂದರೆಯೂ ಇಲ್ಲ.

ಡಬ್ಬಿಗಳನ್ನೆಲ್ಲ ಒಂದೇ ದಿನ, ಒಂದೇ ಮೆಷಿನ್ನಿನಲ್ಲಿ ಮಿಕ್ಸ್ ಮಾಡಿಸಿ. ಆಮೇಲೂ ದೊಡ್ಡ ಬಕೆಟ್ಟಿಗೆ ಎಲ್ಲವನ್ನೂ ಸುರಿದು ಒಟ್ಟಿಗೆ ಕಲಸಿ ಬಳಸಿದರೆ ಡಬ್ಬಿಯಿಂದ ಡಬ್ಬಿಗೆ ಇರುವ ಕೂದಲೆಳೆ ವ್ಯತ್ಯಾಸ ಗೋಡೆಗೆ ಬರುವುದಿಲ್ಲ. ಅರ್ಧ ಲೀಟರ್ ಉಳಿಸಿ ಮುಚ್ಚಳದ ಮೇಲೆ ಶೇಡ್ ಕೋಡ್, ಬೇಸ್, ಪೇಂಟಿನ ಹೆಸರು, ತಾರೀಖು ಬರೆದಿಡಿ. ಮುಂದೆ ಕಲೆಯಾದಾಗ ಮ್ಯಾಟ್ ಗೋಡೆಗೆ ಆ ಜಾಗವನ್ನಷ್ಟೇ ತೀಡಿದರೆ ಬೆರೆತುಹೋಗುತ್ತದೆ. ಹೊಳಪಿನ ಎಮಲ್ಷನ್ನಾದರೆ ತೇಪೆ ಎದ್ದು ಕಾಣುತ್ತದೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಇಡೀ ಗೋಡೆಗೆ ಒಂದು ಕೋಟ್ ಕೊಡಬೇಕು. 12 ಅಡಿಯ ಗೋಡೆಗೆ ಒಂದು ಲೀಟರ್ ಹಿಡಿಯುತ್ತದೆ.